ದೇವರಮನೆಯ ಕಾಸಿಗೊಂದು ಕ್ಯಾಮೆರಾ

ಹಳೇ ನಾಣ್ಯಗಳ ಫೋಟೊ ತೆಗೆಯುವುದು ನನ್ನ ಹುಚ್ಚು. ಸೊರಬದ ಗೌರಮ್ಮನವರ ದೇವರಮನೆಯಲ್ಲಿ ಬಸವನ ಚಿತ್ರವಿರುವ ತಾಮ್ರದ ಕಾಸೊಂದು ಪೂಜೆಗಿದೆ. ಮೊದಲ ಸಲ ಹೋದಾಗ ಹೊಸಿಲಲ್ಲೇ ತಡೆದರು. "ಒಳಗೆ ಬರ್ಬೇಡಿ, ಅದನ್ನ ಹೊರಗೂ ತರಲ್ಲ. ಇಲ್ಲಿಂದ್ಲೇ ತೆಗೀರಿ." ನನ್ನ ಕ್ಯಾಮೆರಾ ಎಂಥದ್ದೆಂದರೆ, ನಾಣ್ಯಕ್ಕೆ ಮೂಗು ತಾಗಿಸದಿದ್ದರೆ ಬರೀ ಮಸುಕು.

ಶಿಕಾರಿಪುರದ ಅಂಗಡಿಗೆ ಹೋದೆ. "ಎಷ್ಟು ಮೆಗಾಪಿಕ್ಸೆಲ್ ಬೇಕ್ರೀ?" ಅಂದ ಅಂಗಡಿಯವ.

"ಅದೇನೋ ಗೊತ್ತಿಲ್ರೀ. ಹೊಸಿಲಾಚೆ ನಿಂತ್ರೂ ಕಾಸಿನ ಮೇಲಿರೋ ಬಸವನ ಕೊಂಬು ಕಾಣ್ಬೇಕು."

ಅವನು ನಗಲಿಲ್ಲ. ಗಲ್ಲಾಪೆಟ್ಟಿಗೆಯ ಮೇಲೊಂದು ನಾಣ್ಯ ಇಟ್ಟು, ನನ್ನನ್ನು ಅಂಗಡಿಯ ಮೆಟ್ಟಿಲಿಗೆ ಇಳಿಸಿ, ಒಂದೊಂದೇ ಕ್ಯಾಮೆರಾ ಕೈಗೆ ಕೊಟ್ಟ. ಕೊನೆಗೊಂದರಲ್ಲಿ ನಾಣ್ಯದ ಗೀರೂ ಕಂಡಿತು. ಅದನ್ನೇ ತಂದೆ.

ಹೊಸಿಲಿಂದಲೇ ತೆಗೆದ ಫೋಟೊ ಸೊಗಸಾಗಿ ಬಂತು. ಖುಷಿಗೆ ದೊಡ್ಡದು ಮಾಡಿ ಗೌರಮ್ಮನವರಿಗೆ ತೋರಿಸಿದೆ.

"ಅಯ್ಯೋ, ಇಷ್ಟೊಂದು ಕೊಳೆ ಹಿಡಿದಿದ್ಯಾ!" ಅಂದವರೇ ಅಡುಗೆಮನೆಯಿಂದ ನೆನೆಸಿದ ಹುಣಸೆಹಣ್ಣು ತಂದು ಕಾಸಿಗೆ ಕೈ ಹಾಕಿದರು. ನಾನು ಹೊಸಿಲಿಂದಲೇ ಕೂಗಿದೆ.

"ಉಜ್ಜಿದ್ರೆ ಬಸವನ ಕೊಂಬೇ ಸವೆದು ಹೋಗ್ತದಮ್ಮಾ!"

ಅವರ ಕೈ ಅಲ್ಲೇ ನಿಂತಿತು. ಸ್ವಲ್ಪ ಯೋಚಿಸಿ, ಕಾಸಿಗೆ ಕೈಮುಗಿದು, ಆ ಹುಳಿಯನ್ನೆಲ್ಲ ಒಲೆ ಮೇಲಿದ್ದ ಸಾರಿಗೆ ಸುರಿದರು.

ಅವತ್ತು ನನಗೆ ಅಲ್ಲೇ ಊಟ. ಸಾರು ವಿಪರೀತ ಹುಳಿಯಾಗಿತ್ತು. ಎರಡು ಸಲ ಹಾಕಿಸಿಕೊಂಡೆ.