ಬೂದು ಬಣ್ಣದ ಕಾಲಂ

ನಮ್ಮ ಆಸ್ಪತ್ರೆಗೆ ಹೊಸ ಸಾಫ್ಟ್‌ವೇರ್ ಹಾಕಿದವರು ಆವತ್ತು ಎದುರಿಗೆ ಸಿಕ್ಕಿದ್ದರೆ ಕಪಾಳಕ್ಕೆ ಬಿಗಿದೇ ಬಿಡುತ್ತಿದ್ದೆ. ಬೀದರಿನ ಸಣ್ಣ ಖಾಸಗಿ ಆಸ್ಪತ್ರೆಯಲ್ಲಿ ನಾನು ನರ್ಸು. ಯಾರೇ ಪೆಟ್ಟಾಗಿ ಬರಲಿ, ಗಾಯ ಹೇಗಾಯಿತೆಂದು ಕಂಪ್ಯೂಟರಿನಲ್ಲಿ ತುಂಬಬೇಕು. ಸೇವ್ ಒತ್ತಿದರೆ ಮುಗೀತು, ಆ ಕಾಲಂ ಬೂದು ಬಣ್ಣಕ್ಕೆ ತಿರುಗುತ್ತದೆ. ಎಷ್ಟು ಗುದ್ದಿದರೂ ಒಂದಕ್ಷರ ಒಳಗೆ ಹೋಗುವುದಿಲ್ಲ. ಡಾಕ್ಟರ ಪಾಸ್‌ವರ್ಡಿಗೆ ಮಾತ್ರ ತೆರೆಯುತ್ತದೆ.

ಔರಾದ ಕಡೆಯ ಹಳ್ಳಿಯಿಂದ ಕುರಿ ಸಾಕುವವನೊಬ್ಬ ತಂಗಿಯನ್ನು ಜೀಪಿನಲ್ಲಿ ಹಾಕಿಕೊಂಡು ಬಂದ. ಅವಳ ಮುಂಗೈ ಮುರಿದು ಜೋತುಬಿದ್ದಿತ್ತು. ತುಟಿ ಸೀಳಿತ್ತು.

"ನಮ್ಮ ಟಗರು ಹಾಯ್ದದರಿ," ಎಂದ ಅಣ್ಣ.

ಅವಳು ತುಟಿಗೆ ಸೆರಗು ಒತ್ತಿಕೊಂಡಿದ್ದಳು. ರಕ್ತ ಸುರಿಯುತ್ತಿತ್ತು, ವಿಚಾರಿಸುತ್ತ ಕೂರುವ ಹೊತ್ತಲ್ಲ. ಟಗರು ಎಂದೇ ಬರೆದು ಸೇವ್ ಒತ್ತಿದೆ.

ಅವನನ್ನು ಹೊರಗೆ ಕಳಿಸಿ ರವಿಕೆಯ ತೋಳು ಕತ್ತರಿಸಿದಾಗ ಕಂಡಿತು, ಭುಜದಿಂದ ಬೆನ್ನಿಗಿಳಿದ ಉದ್ದುದ್ದ ಬಾಸುಂಡೆ. ನನಗೆ ಮೈಯೆಲ್ಲ ಉರಿದುಹೋಯಿತು.

"ಟಗರಿಗಿ ಬಡಿಗಿ ಹಿಡಿಲಿಕ್ಕ ಬರ್ತದೇನವಾ?"

"ಅಪ್ಪ ಸತ್ತ ಮ್ಯಾಲ ನನ್ನ ಪಾಲಿನ ಕುರಿ ಕೇಳ್ದೆರಿ," ಎಂದು ಪಿಸುಗುಟ್ಟಿದಳು. "ಟಗರೇ ಅಂತ ಇರ್ಲಿರಿ. ನಾ ಮತ್ತ ಅದೇ ಮನಿಗಿ ಹೋಗಬೇಕಲ್ರಿ."

ಹೊಡೆತ ಎಂದು ದಾಖಲಾದರೆ ಪೊಲೀಸರಿಗೆ ತಿಳಿಸಲೇಬೇಕು. ಟಗರು ಎಂದೇ ಉಳಿದರೆ ಅವಳು ಪಟ್ಟಿ ಕಟ್ಟಿಸಿಕೊಂಡು ಅದೇ ಬಡಿಗೆಯ ಕೆಳಗೆ ಹೋಗಬೇಕು. ಕಂಪ್ಯೂಟರಿಗೆ ಓಡಿದೆ. ಕಾಲಂ ಬೂದಾಗಿ ಕೂತಿತ್ತು. ಇದರ ಮನೆ ಹಾಳಾಗ ಎಂದು ಕೀಲಿಗಳನ್ನೆಲ್ಲ ಕುಟ್ಟಿದೆ.

ಭಾಲ್ಕಿ ರಸ್ತೆಯಲ್ಲಿ ಲಾರಿಗೆ ಸಿಕ್ಕವನ ಕಾಲು ಕತ್ತರಿಸಿ ಆಗಷ್ಟೇ ಹೊರಬಂದ ಡಾಕ್ಟರ್ ಬಾಸುಂಡೆ ನೋಡಿದರು. "ಅಕಿ ಬಾಯಿಂದ ಬರಬೇಕ್ರಿ ಸಿಸ್ಟರ್. ನಾ ತೆಗೆದು ತಿದ್ದಿದ್ರ ನಾಳಿಗಿ ಅಕಿನೇ ಇಲ್ಲಂತಾಳ."

ಬಾಗಿಲಲ್ಲಿ ನಿಂತಿದ್ದ ಅಣ್ಣನಿಗೆ ಇದು ಕೇಳಿಸಿತು.

"ನಮ್ಮನಿ ಮಾತಿನಾಗ ಬರ್ಲಿಕ್ಕ ನೀ ಯಾವಾಕಿ?" ಎಂದವನೇ ಸಲೈನಿನ ಕಬ್ಬಿಣದ ಸ್ಟ್ಯಾಂಡು ಕಿತ್ತು ಬೀಸಿದ. ನನ್ನ ಹಣೆ ಒಡೆಯಿತು. ಕಣ್ಣಿಗೆಲ್ಲ ರಕ್ತ. ಮತ್ತೆ ಎತ್ತಿದ. ನಾನೂ ಕೈಗೆ ಸಿಕ್ಕ ಸ್ಟೀಲ್ ಟ್ರೇಯಿಂದ ಅವನ ಮೂಗಿಗೆ ಬಾರಿಸಿದೆ. ಬಾರಿಸಿದ್ದಕ್ಕೆ ಇವತ್ತಿಗೂ ನನಗೆ ಬೇಸರವಿಲ್ಲ. ವಾರ್ಡಿನವರು ಮೂವರು ಸೇರಿ ಕೆಡವಿದರೂ ಒದೆಯುತ್ತಿದ್ದ, ಕಚ್ಚುತ್ತಿದ್ದ. ಹೊರಗೆ ಎಳೆದೊಯ್ದರು.

ಆ ತಂಗಿಯ ಪಕ್ಕದ ಮಂಚದಲ್ಲೇ ನನಗೆ ಹೊಲಿಗೆ ಶುರುವಾಯಿತು. ಈಗ ನಾನೂ ಗಾಯಾಳು, ನನ್ನದೂ ತುಂಬಬೇಕಲ್ಲ! ಮ್ಯಾನೇಜರ್ ಕಂಪ್ಯೂಟರಿನ ಮುಂದೆ ಕೂತ.

"ಸಿಸ್ಟರ್, ಕಾಲು ಜಾರಿ ಬಿದ್ದೀರಿ ಅಂತ ಹಾಕ್ತೀನ್ರಿ. ಸುಮ್ಮನ ದವಾಖಾನಿ ಹೆಸರು ಹಾಳ ಯಾಕ?"

ಸೂಜಿ ಚರ್ಮದಲ್ಲಿತ್ತು. ನಾನು ಬಾಯಿ ತೆರೆಯುವುದರೊಳಗೆ ಪಕ್ಕದಿಂದ ಚೀರಿದ್ದು ಕೇಳಿತು.

"ಒತ್ತಬ್ಯಾಡ್ರಿ ಅದ! ಅಕ್ಕೋರು ಬಿದ್ದಿಲ್ರಿ. ನಮ್ಮಣ್ಣ ಹೊಡ್ದಾನ, ನಾ ಕಣ್ಣಾರೆ ನೋಡೀನಿ." ಮುರಿದ ಕೈಯನ್ನು ಎದೆಗವಚಿಕೊಂಡು ಎದ್ದು ಕೂತಿದ್ದಳು. "ನನಗೂ ಅವನೇ ಹೊಡ್ದಾನ್ರಿ. ಟಗರಲ್ಲ."

ಡಾಕ್ಟರ್ ಹೊಲಿಗೆ ಮುಗಿಸಿ, ಗ್ಲೌಸು ಕಳಚಿ, ಮ್ಯಾನೇಜರನನ್ನು ಕುರ್ಚಿಯಿಂದ ಎಬ್ಬಿಸಿದರು. ಮೊದಲು ನನ್ನದು ಇದ್ದದ್ದು ಇದ್ದಹಾಗೆ ತುಂಬಿದರು. ಆಮೇಲೆ ಅವಳದನ್ನು ತೆಗೆದು ಪಾಸ್‌ವರ್ಡ್ ಹೊಡೆದರು. ಬೂದು ಕಾಲಂ ಬೆಳ್ಳಗಾಯಿತು. ಅವಳು ಹೇಳಿದಳು, ಅವರು ಬರೆದರು. ಹೊರಗೆ ಅಣ್ಣ ಬೈಯುತ್ತಲೇ ಇದ್ದ. ಸೇವ್ ಒತ್ತಿದರು. ಕಾಲಂ ಮತ್ತೆ ಬೂದಾಯಿತು.

"ಇನ್ನ ಅವನಿಗಿ ಅದು ತಿದ್ಲಿಕ್ಕ ಬರಲ್ಲೇನ್ರಿ?" ಎಂದು ನನ್ನನ್ನು ಕೇಳಿದಳು.

"ಬರಲ್ಲವಾ. ನನಗೂ ಬರಲ್ಲ."

ಆಗ, ಅಷ್ಟು ಹೊಡೆತಕ್ಕೂ ಅಳದವಳು, ಬಾಯಿಬಿಟ್ಟು ಅಳತೊಡಗಿದಳು.