ಗಾಲಿಮನೆಯ ಫ್ಯಾನು

ಎಂಬತ್ತರ ದಶಕದ ಮಧ್ಯದಲ್ಲಿ ನನ್ನ ಸೋದರಮಾವ ಗಲ್ಫಿನಿಂದ ಬಂದಾಗ, ಎಲ್ಲರ ಮಾವಂದಿರೂ ತರುವ ಟೇಪ್‌ರೆಕಾರ್ಡರ್ ತರಲಿಲ್ಲ. ಕಂಬಳಿಯಲ್ಲಿ ಸುತ್ತಿದ ಗಾಜಿನ ಹಲಗೆಯೊಂದನ್ನು ತಂದರು. ಬಜಪೆ ವಿಮಾನ ನಿಲ್ದಾಣದಿಂದ ಮನೆಯವರೆಗೆ ಅದನ್ನು ಹಸುಗೂಸಿನಂತೆ ತೊಡೆಯ ಮೇಲಿಟ್ಟುಕೊಂಡೇ ಬಂದರು. ಬಿಸಿಲಿನಿಂದ ಕರೆಂಟು ತೆಗೆಯುವ ಸೋಲಾರ್ ಪ್ಯಾನೆಲ್ ಅದು. ಅಲ್ಲಿನ ಮರುಭೂಮಿಯಲ್ಲಿ ಬಿಳಿಯರು ಕಾರಿನ ಹಿಂದೆ ಮನೆಯನ್ನೇ ಕಟ್ಟಿಕೊಂಡು ಹೋಗಿ, ಕರೆಂಟು ಕಂಬವಿಲ್ಲದ ಕಡೆ ದೀಪ ಉರಿಸಿ ಕೂರುವುದನ್ನು ಮಾವ ಕಣ್ಣಾರೆ ಕಂಡಿದ್ದರು. ಕಂಡದ್ದನ್ನು ಕಂಡಲ್ಲೇ ಬಿಟ್ಟು ಬರುವ ಜಾಯಮಾನ ಅವರದಲ್ಲ.

ಸ್ವಲ್ಪ ದಿನದಲ್ಲೇ ಹಳೆಯ ಟ್ರೈಲರೊಂದರ ಮೇಲೆ ತಗಡಿನ ಮನೆ ಎದ್ದಿತು. ಒಳಗೆ ಎರಡು ಬೆಂಚು, ಒಂದು ಕಾರಿನ ಬ್ಯಾಟರಿ, ಅದಕ್ಕೆ ಜೋಡಿಸಿದ ಅಂಗೈಯಗಲದ ಫ್ಯಾನು. ಅದನ್ನು ಎಳೆಯುವಾಗ ನಮ್ಮ ಅಂಬಾಸಿಡರ್ ಕಾರು ಕ್ಷಯರೋಗಿಯಂತೆ ಕೆಮ್ಮುತ್ತಿತ್ತು.

ಅದೇ ಹೊತ್ತಿಗೆ ಜೆಪ್ಪುವಿನ ಹೋಟೆಲ್ ಮಾಲೀಕರೊಬ್ಬರ ಮಗಳೊಂದಿಗೆ ಮಾವನ ಮದುವೆಯ ಮಾತು ನಡೆದಿತ್ತು. ಹುಡುಗಿಯನ್ನು ನೋಡಿ ಬಂದಂದಿನಿಂದ ಮಾವನಿಗೆ ಸಾರಿನಲ್ಲಿ ಉಪ್ಪಿಲ್ಲದಿದ್ದರೂ ತಿಳಿಯುತ್ತಿರಲಿಲ್ಲ. ಅವಳ ಅಪ್ಪನಿಗೆ ಮಾತ್ರ ಅನುಮಾನ.

"ತಗಡಿನ ಡಬ್ಬಿಯಲ್ಲಿ ಕೂತು ಬಿಸಿಲಿನಿಂದ ಗಾಳಿ ತೆಗೀತಾನಂತೆ. ತಲೆ ಸರಿ ಉಂಟಾ ಅಂತ ನೋಡಬೇಕು. ಫ್ಯಾನು ತಿರುಗಿದ್ರೆ ಹೆಣ್ಣು ಕೊಡ್ತೇನೆ, ಇಲ್ಲದಿದ್ರೆ ಚಾ ಕುಡಿದು ಬರ್ತೇನೆ" ಎಂದು ಹೇಳಿ ಕಳಿಸಿದರು.

ಪರೀಕ್ಷೆಗೆ ಕಾವೂರು ಕೆರೆಯ ದಂಡೆ ನಿಗದಿಯಾಯಿತು. ಎಪ್ರಿಲ್ ತಿಂಗಳ ಒಂದು ಬೆಳಿಗ್ಗೆ ಗಾಲಿಮನೆಯನ್ನು ಅಲ್ಲಿ ನಿಲ್ಲಿಸಿ, ಪಕ್ಕದಲ್ಲಿ ಮರದ ಸ್ಟ್ಯಾಂಡಿನ ಮೇಲೆ ಪ್ಯಾನೆಲನ್ನು ಬಿಸಿಲಿಗೆ ಮಲಗಿಸಿದೆವು. ಸಂಜೆಯೊಳಗೆ ಖಾಲಿ ಬ್ಯಾಟರಿ ತುಂಬಬೇಕು. ಕಾವಲಿಗೆ ಮಾವ ತಮ್ಮ ತಾಯಿಯನ್ನು, ಅಂದರೆ ನನ್ನ ಅಜ್ಜಿಯನ್ನು, ಕೂರಿಸಿದರು.

"ಅಮ್ಮಾ, ಇದರ ಮೇಲೆ ಒಂದು ಕಾಗೆ ಸಹ ಕೂರಬಾರದು."

ಆಗ ಕಾಲೇಜಿನಲ್ಲಿದ್ದ ನಾನೂ ಮಾವನೂ ಅತಿಥಿಗಳನ್ನು ಕರೆತರಲು ಜೆಪ್ಪುವಿಗೆ ಹೋದೆವು. ಅಲ್ಲೇ ಊಟ ಮುಗಿಸಿ, ಅಪ್ಪ ಮಗಳನ್ನು ಕಾರಿನಲ್ಲಿ ಕೂರಿಸಿಕೊಂಡು ಮರಳಿದಾಗ ಪ್ಯಾನೆಲ್ ಫಳಫಳ ಹೊಳೆಯುತ್ತಿತ್ತು. ಮಾವ ಗಂಟಲು ಸರಿಪಡಿಸಿಕೊಂಡು, ಅಣೆಕಟ್ಟು ಉದ್ಘಾಟಿಸುವ ಮಂತ್ರಿಯ ಗಾಂಭೀರ್ಯದಿಂದ ಸ್ವಿಚ್ ಒತ್ತಿದರು.

ಫ್ಯಾನು ಧ್ಯಾನದಲ್ಲಿತ್ತು.

"ಹೊಸಬರನ್ನು ಕಂಡು ಅದಕ್ಕೆ ನಾಚಿಕೆ" ಎಂದರು ಹುಡುಗಿಯ ಅಪ್ಪ.

ಮಾವ ವಯರು ಬಿಚ್ಚಿದರು, ಕಟ್ಟಿದರು, ಬ್ಯಾಟರಿಯ ಬೆನ್ನು ತಟ್ಟಿದರು. ತಗಡಿನೊಳಗೆ ಎಲ್ಲರೂ ಬೇಯತೊಡಗಿದೆವು. ಹುಡುಗಿ ಅಜ್ಜಿಯ ಚೀಲದಿಂದ ಅಡಿಕೆ ಹಾಳೆಯ ಬೀಸಣಿಗೆ ತೆಗೆದು ಅಪ್ಪನಿಗೆ ಬೀಸಿದಳು. ಅವರು ಅದನ್ನು ಇಸಿದುಕೊಂಡು ತಿರುವಿ ತಿರುವಿ ನೋಡಿ ಕೇಳಿದರು:

"ಇದರ ಬ್ಯಾಟರಿ ಎಲ್ಲಿ ಉಂಟು ಮಾರಾಯ?"

ಮಾವನ ಮುಖದಲ್ಲಿ ಬ್ರಹ್ಮಚರ್ಯದ ನೆರಳು ಕವಿಯಿತು.

ಬರಿ ಚಾ ಕೊಟ್ಟರೆ ಮರ್ಯಾದೆಯಲ್ಲವೆಂದು ಅಜ್ಜಿ ಸೀಮೆಎಣ್ಣೆ ಸ್ಟೌವಿನಲ್ಲಿ ಹಲಸಿನ ಹಪ್ಪಳ ಕರಿದರು. ಹೋಟೆಲಿನವರು ಒಂದು ತುಂಡನ್ನು ಕಿವಿಯ ಹತ್ತಿರ ಮುರಿದು, ಸದ್ದು ಆಲಿಸಿ, ಬಾಯಿಗೆ ಹಾಕಿಕೊಂಡರು.

"ಅಕ್ಕ, ಇದನ್ನು ಎಲ್ಲಿ ಒಣಗಿಸಿದ್ದು? ನಮ್ಮ ಟೆರೇಸಿನಲ್ಲಿ ಹೀಗೆ ಆಗುವುದಿಲ್ಲ."

"ಇವ ಮಾಡಿಟ್ಟ ಗಾಜಿನ ಮಂಚದಲ್ಲಿ!" ಅಜ್ಜಿ ಹೆಮ್ಮೆಯಿಂದ ಹೇಳಿದರು. "ನಿನ್ನೆ ಲಟ್ಟಿಸಿದ್ದು, ಅರ್ಧ ಒಣಗಿತ್ತು. ಇಂಥ ಬಿಸಿಲು ದಂಡ ಮಾಡ್ಲಿಕ್ಕೆ ಉಂಟಾ? ಬೆಳಿಗ್ಗೆಯಿಂದ ಅದರ ಮೇಲೇ ಹರಡಿದ್ದೆ. ಕಾರು ಕಂಡ ಕೂಡಲೇ ತೆಗೆದು ಒರೆಸಿದೆ."

"ಅಮ್ಮಾ! ಕಾಗೆ ಸಹ ಕೂರಬಾರದು ಅಂದಿದ್ದೆ!"

"ಎಲ್ಲಿ ಕೂತಿತು? ಕೋಲು ಹಿಡಿದೇ ಇದ್ದೆ ನಾನು."

ಮೊದಲು ನಕ್ಕವಳು ಹುಡುಗಿ. ಅವಳ ಅಪ್ಪ ಪ್ಯಾನೆಲನ್ನೂ ಹಪ್ಪಳವನ್ನೂ ನ್ಯಾಯಾಧೀಶರಂತೆ ನೋಡಿದರು. "ಅಂದ್ರೆ ಕರೆಂಟು ನನ್ನ ಹೊಟ್ಟೆಗೆ ಹೋಯ್ತು" ಎಂದರು.

"ಬಿಸಿಲು ಇನ್ನೂ ಉಂಟು. ಸ್ವಲ್ಪ ಕೂತ್ಕೊಳ್ಳಿ" ಎಂದು ಮಾವ ಅಂಗಲಾಚಿದರು.

ಹಪ್ಪಳ ಇದ್ದುದರಿಂದ ಅವರು ಕೂತರು. ಹಪ್ಪಳದ ಡಬ್ಬ ತಳ ಕಾಣುವ ಹೊತ್ತಿಗೆ ಫ್ಯಾನು ನಿಟ್ಟುಸಿರಿಟ್ಟು, ತಡವರಿಸಿ ತಿರುಗಿ, ಹಪ್ಪಳದ ಪುಡಿಯನ್ನೆಲ್ಲ ಅವರ ಬಿಳಿ ಪಂಚೆಯ ಮೇಲೆ ಹಾರಿಸಿತು.

"ಆಯ್ತು, ತಿರುಗಿತು. ಮಾತು ಅಂದ್ರೆ ಮಾತು" ಎಂದು ಅವರು ಪಂಚೆ ಕೊಡವಿಕೊಂಡರು. "ಇಂಥ ಹಲಗೆ ಹೋಟೆಲಿಗೂ ಒಂದು ತರಿಸಿಕೊಡು."

"ಫ್ಯಾನಿಗಾ?" ಮಾವ ಅರಳಿದರು.

"ಎಂತ ಫ್ಯಾನು? ಹಪ್ಪಳಕ್ಕೆ!"

ಮದುವೆಯಾಗಿ ಇಬ್ಬರೂ ಗಾಲಿಮನೆಯಲ್ಲಿ ಮೊದಲ ಪ್ರವಾಸ ಹೊರಟ ದಿನ, ಮಾವ ಕಸ್ಟಮ್ಸಿನವರಂತೆ ಅತ್ತೆಯ ಚೀಲ ತಪಾಸಣೆ ಮಾಡಿದರು. ಹಪ್ಪಳ ಇರಲಿಲ್ಲ. ಸೀರೆಗಳ ಅಡಿಯಲ್ಲಿ ಹಾಳೆಯ ಬೀಸಣಿಗೆ ಇತ್ತು.