ಹುರುಳಿ ಹರಡಿದ್ದ ರಸ್ತೆ

ಡೈರಿಯ ಸಾಲಿನಲ್ಲಿ ಹಾಲಿನ ಕ್ಯಾನು ಇಟ್ಟುಕೊಂಡು ನಿಂತಾಗ ಹೆಂಗಸರು ಇಂಥ ಕಥೆ ಎಷ್ಟೋ ಹೇಳುತ್ತಾರೆ. ಹುಣಸೇಮರದ ಹತ್ತಿರ ಯಾರೋ ಹೆಸರು ಹಿಡಿದು ಕರೆದರಂತೆ, ತಿರುಗಿ ನೋಡಿದರೆ ಒಂದು ನರಪಿಳ್ಳೆಯೂ ಇರಲಿಲ್ಲವಂತೆ. ಎಲ್ಲರಿಗಿಂತ ಮೊದಲು ನಗುತ್ತಿದ್ದವಳು ನಾನು. "ಬೆಳಗಾಗೆದ್ದು ದೇವರಿಗೆ ಒಂದು ದೀಪ ಹಚ್ಚು, ಯಾರೂ ಕರೆಯಲ್ಲ ನಿನ್ನ" ಅನ್ನುತ್ತಿದ್ದೆ. ದೇವರನ್ನು ನಂಬಿದವಳು ಮಿಕ್ಕಿದ್ದನ್ನೆಲ್ಲ ನಂಬಬೇಕಾಗಿಲ್ಲ ಅಂತ ನನ್ನ ಎಣಿಕೆ. ಈಗ ನಾನೇ ಬರೆಯಲು ಕೂತಿದ್ದೇನೆ. ನೀವು ನಕ್ಕರೆ ನನಗೇನೂ ಬೇಜಾರಿಲ್ಲ. ನಕ್ಕು ತಳ್ಳಿಹಾಕಲು ನನಗೇ ಆಗಿದ್ದರೆ ಎಷ್ಟೋ ಚೆನ್ನಾಗಿತ್ತು.

ತಾಯಲೂರಿನಿಂದ ಒಳಗೆ ಹೋದರೆ ನಮ್ಮೂರು. ನನ್ನ ತವರು ನಂಗಲಿ ಕಡೆ. ಹೈವೇ ಮೇಲೆ ಹೋದರೆ ಸುತ್ತು, ಲಾರಿಗಳ ಕಾಟ ಬೇರೆ. ಒಳದಾರಿಯಲ್ಲಿ ಹನ್ನೊಂದೇ ಕಿಲೋಮೀಟರು. ಕೆರೆ ಏರಿಯ ಮೇಲೆ ಹತ್ತಿ, ನೀಲಗಿರಿ ತೋಪಿನ ನಡುವೆ ಇಳಿದು, ಎರಡು ಸಣ್ಣ ಹಳ್ಳಿ ದಾಟಿ ಹೋಗುವ ರಸ್ತೆ. ದಿನಕ್ಕೊಂದು ಬಸ್ಸಿತ್ತು, ಅದೂ ನಿಂತು ಹೋಯಿತು. ಹಾಲಿನ ವ್ಯಾನು, ಯಾವಾಗಲೋ ಒಂದು ಟ್ರ್ಯಾಕ್ಟರು, ಕುರಿ ಹಿಂಡು, ಅಷ್ಟೇ.

ಸೈಕಲ್ಲು ನನ್ನ ಮಗಳದು. ಎಂಟನೇ ಕ್ಲಾಸಿನಲ್ಲಿ ಸ್ಕೂಲಿನಿಂದ ಕೊಟ್ಟಿದ್ದು. ಅವಳು ಕೋಲಾರಕ್ಕೆ ಕಾಲೇಜಿಗೆ ಹೋಗಿ ಹಾಸ್ಟೆಲ್ ಸೇರಿದ ಮೇಲೆ ನನ್ನ ಪಾಲಿಗೆ ಬಂತು. ನಲವತ್ತು ದಾಟಿದವಳು ಸೀರೆ ಎತ್ತಿ ಕಟ್ಟಿ ಮೊದಲ ದಿನ ಹೊರಟಾಗ ಎದುರು ಮನೆ ರತ್ನಮ್ಮ, "ಏನಕ್ಕಾ, ಮತ್ತೆ ಎಂಟನೇ ಕ್ಲಾಸಿಗೆ ಸೇರ್ಕೊಂಡ್ಯಾ? ಬ್ಯಾಗೆಲ್ಲೇ?" ಅಂತ ಕೂಗಿದಳು. ಆಡಿಕೊಳ್ಳಲಿ ಅಂತ ಬಿಟ್ಟೆ. ಅಮ್ಮ ಹಾಸಿಗೆ ಹಿಡಿದು ಎಂಟು ತಿಂಗಳಾಗಿತ್ತು. ವಾರಕ್ಕೆ ಎರಡು ಸಲ ಹೋಗಿ ತಲೆ ಬಾಚಿ, ಮೈ ಒರೆಸಿ, ಸಂಜೆಗೆ ಹಿಂತಿರುಗುತ್ತಿದ್ದೆ. ಆ ದಾರಿಯಲ್ಲಿ ನನ್ನ ಚೈನಿನ ಸದ್ದು ಬಿಟ್ಟರೆ ಬೇರೆ ಸದ್ದಿರುತ್ತಿರಲಿಲ್ಲ. ತುಳಿಯುತ್ತಾ ರಾಮನಾಮ ಹೇಳಿಕೊಳ್ಳುತ್ತಿದ್ದೆ. ಮನೆಯಲ್ಲಿ ಅಳಲು ಜಾಗವಿಲ್ಲದವರಿಗೆ ಇಂಥದೊಂದು ರಸ್ತೆ ಕೊಟ್ಟಿದ್ದಾನಲ್ಲ, ಅದೂ ದೇವರ ದಯವೇ ಅಂದುಕೊಳ್ಳುತ್ತಿದ್ದೆ.

ಇನ್ನೊಂದು ಸಂಗತಿ ಹೇಳಬೇಕು. ನಮ್ಮ ದೇವರ ಮನೆಯಲ್ಲಿ ಅಂಗೈಯಗಲದ ಒಂದು ತಾಮ್ರದ ಗಿಂಡಿ ಇತ್ತು. ಹದಿನಾಲ್ಕು ವರ್ಷದ ಕೆಳಗೆ ನಮ್ಮ ಅತ್ತೆ ಕಾಶಿಯಿಂದ ತಂದದ್ದು. ಒಳಗೆ ಗಂಗೆ, ಬಾಯಿಗೆ ಬೆಸುಗೆ. ಅತ್ತೆ ತೀರಿಹೋದಾಗ ಆತುರದಲ್ಲಿ ಅದು ಯಾರಿಗೂ ನೆನಪಾಗಲಿಲ್ಲ. ಆಗ ನಮ್ಮಮ್ಮ, "ನನಗಾದರೂ ಅದನ್ನ ನಿನ್ನ ಕೈಯಾರೆ ಬಿಡೇ" ಅಂದಿದ್ದಳು. ಆಗಲಿ ಅಂದಿದ್ದೆ. ಹಿರಿ ಮಗಳು ನಾನು. ಗಂಡುಮಕ್ಕಳಿಲ್ಲ ಅವಳಿಗೆ.

ನಾಲ್ಕು ವರ್ಷದ ಹಿಂದಿನ ಮಾತು. ಯುಗಾದಿ ಕಳೆದು ಬಿಸಿಲು ಕಾದ ಹೆಂಚಿನ ಹಾಗಿತ್ತು. ಸಂಜೆ ನಾಲ್ಕೂವರೆಗೆ ತಂಗಿ ಸರಸಳ ಫೋನು. ಅಮ್ಮನನ್ನು ನೋಡಿಕೊಳ್ಳುತ್ತಿದ್ದವಳು ಅವಳೇ.

"ಅಕ್ಕಾ, ಬೇಗ ಬಾರೇ. ಕಣ್ಣು ಮೇಲಕ್ಕೆ ಹೋಗ್ತಾ ಇದೆ. ನೀರು ನೀರು ಅಂತಾಳೆ."

ಆಗ ನನ್ನ ಬಾಯಿಂದ ಬಂದ ಮಾತನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. "ಕೊಡಬೇಡ ಕಣೇ, ತಡಿ. ಗಂಗೆ ತರ್ತಾ ಇದ್ದೀನಿ. ನಾನು ಬಂದು ಬಿಡ್ತೀನಿ" ಅಂದೆ. ಕೊನೆಯ ನೀರು ಬಾಯಿಗೆ ಬಿದ್ದರೆ ಜೀವ ಹೊರಟುಬಿಡುತ್ತದೆ ಅನ್ನುತ್ತಾರೆ ನಮ್ಮ ಕಡೆ. ನಾನು ಹೋಗುವಷ್ಟರಲ್ಲಿ ಹೊರಟುಬಿಟ್ಟರೆ ಅನ್ನುವ ಭಯ. ಕೊಟ್ಟ ಮಾತು ತಪ್ಪುತ್ತದಲ್ಲ ಅನ್ನುವ ಭಯ. ಸರಸ "ಸರಿ ಅಕ್ಕಾ" ಅಂದಳು.

ನಮ್ಮನೆಯವರು ಟೊಮೇಟೊ ಹಾಕಿಕೊಂಡು ಮಾರ್ಕೆಟ್ಟಿಗೆ ಹೋಗಿದ್ದರು, ಫೋನು ಎತ್ತಲಿಲ್ಲ. ಗಿಂಡಿಯನ್ನು ಬಟ್ಟೆ ಚೀಲಕ್ಕೆ ಹಾಕಿ, ಚೀಲ ಹ್ಯಾಂಡಲ್ಲಿಗೆ ಸಿಕ್ಕಿಸಿ ಹೊರಟೆ. ಟೈರಿನಲ್ಲಿ ಗಾಳಿ ಇತ್ತು. ಎದುರುಗಾಳಿ ಇರಲಿಲ್ಲ. ಅದನ್ನೂ ದೇವರ ದಯ ಅಂತ ಎಣಿಸಿದೆ, ಅವತ್ತು ಎಣಿಸಿಕೊಳ್ಳಲು ಬೇರೇನಿತ್ತು? ಮುಳಬಾಗಿಲು ಆಂಜನೇಯನಿಗೆ ಹರಕೆ ಹೊತ್ತು, ನಾನು ಹೋಗುವವರೆಗೆ ಜೀವ ನಿಲ್ಲಿಸಪ್ಪ, ಅಷ್ಟು ಸಾಕು ಅಂತ ಬೇಡಿಕೊಂಡು ತುಳಿದೆ.

ಕೆರೆ ಏರಿ ಇಳಿದು ನೀಲಗಿರಿ ತೋಪಿನೊಳಕ್ಕೆ ಬಂದಾಗ ಮುಂದೆ ರಸ್ತೆಯ ಉದ್ದಕ್ಕೂ ಹುರುಳಿ ಹರಡಿತ್ತು. ಇದರಲ್ಲಿ ವಿಚಿತ್ರವೇನಿಲ್ಲ. ನಮ್ಮಲ್ಲಿ ಕಿತ್ತು ಒಣಗಿಸಿದ ಹುರುಳಿ ಬಳ್ಳಿಯನ್ನು ಟಾರು ರಸ್ತೆಗೆ ಹಾಕುತ್ತಾರೆ. ಬಸ್ಸು ಲಾರಿ ಹರಿದು ಕಾಳು ಬಿಡುತ್ತದೆ, ಕಣ ಮಾಡುವ ಕೆಲಸ ತಪ್ಪುತ್ತದೆ. ಆದರೆ ಸೈಕಲ್ಲಿನವರು ಅದರ ಮೇಲೆ ತುಳಿಯಬಾರದು. ಚಕ್ರ ಜಾರುತ್ತದೆ, ಬಳ್ಳಿ ಚೈನಿಗೆ ಸುತ್ತಿಕೊಳ್ಳುತ್ತದೆ. ಇಳಿದು ತಳ್ಳಿಕೊಂಡು ಹೋಗುವುದೇ ವಾಡಿಕೆ. ಅವಸರಕ್ಕೆ ನಾಲ್ಕು ಮಾರು ತುಳಿದೆ. ಸುತ್ತಿಕೊಂಡೇ ಬಿಟ್ಟಿತು. ಶಪಿಸುತ್ತಾ ಇಳಿದೆ.

ರಸ್ತೆ ಬದಿಯಲ್ಲಿ ಒಬ್ಬ ಮುದುಕಿ ಕೂತಿದ್ದಳು. ಪಕ್ಕದಲ್ಲಿ ಬಳ್ಳಿ ತಿರುವಿಹಾಕುವ ಕವೆಗೋಲು. ಹರಡಿದ್ದು ಅವಳದೇ ಇರಬೇಕು ಅಂದುಕೊಂಡೆ. ನಮ್ಮಮ್ಮನ ಹಾಗೆ ಏನೂ ಇರಲಿಲ್ಲ, ಅದನ್ನು ಖಡಾಖಂಡಿತವಾಗಿ ಹೇಳುತ್ತೇನೆ. ಕಪ್ಪಗೆ, ಅಗಲ ಮುಖದವಳು, ಹಣೆಯ ಮೇಲೆ ಹಚ್ಚೆ. ನಾನು ಬಳ್ಳಿ ಕೀಳುತ್ತಿರುವುದನ್ನು ನೋಡುತ್ತಾ, ಗಡಿನಾಡಿನವರ ಹಾಗೆ ತೆಲುಗಿನಲ್ಲಿ, "ಕೊಂಚೆಂ ನೀಳ್ಳು ಪೊಯ್ಯಮ್ಮಾ" ಅಂದಳು. ಸ್ವಲ್ಪ ನೀರು ಹಾಕಮ್ಮ ಅಂತ.

ನೀರಿಲ್ಲ ಅಂದೆ. ತಲೆ ಎತ್ತಲೂ ಇಲ್ಲ.

"ಸಂಚಿಲೋ ಉಂದಿ ಕದಮ್ಮಾ." ಚೀಲದಲ್ಲಿ ಇದೆಯಲ್ಲಮ್ಮ.

ನನಗೆ ಸಿಟ್ಟು ಬಂತು. ಅಳುವೂ ಬಂತು. "ಅದು ನಮ್ಮಮ್ಮಂಗೆ ಕಣಮ್ಮ! ಸಾಯ್ತಾ ಇದ್ದಾಳೆ ಅವಳು! ನೀನು ಮುಂದೆ ಹೋಗಿ ಯಾರ ಮನೇಲಾದರೂ ಕೇಳು" ಅಂದೆ.

ಅವಳು ಬೇಸರ ಮಾಡಿಕೊಳ್ಳಲಿಲ್ಲ. "ಸರೇಲೇ ತಲ್ಲೀ. ಪೋ" ಅಂದಳು. ಇರಲಿ ತಾಯಿ, ಹೋಗು. ಬೆಸುಗೆ ಹಾಕಿದ ಗಿಂಡಿ, ಬಟ್ಟೆ ಚೀಲದ ತಳದಲ್ಲಿತ್ತು. ಅದರಲ್ಲಿ ನೀರಿದೆ ಅಂತ ಅವಳಿಗೆ ಹೇಗೆ ಗೊತ್ತು ಅನ್ನುವುದು ನನಗೆ ಹೊಳೆದದ್ದು ಸುಮಾರು ದೂರ ಹೋದ ಮೇಲೆ. ಹುರುಳಿ ದಾಟಿ ಮತ್ತೆ ಸೈಕಲ್ ಹತ್ತುವ ಮುಂಚೆ ಫೋನು ನೋಡಿದ್ದೆ. ಐದು ಇಪ್ಪತ್ತು.

ತವರಿನ ಬಾಗಿಲಲ್ಲಿ ಸೈಕಲ್ ಬಿಟ್ಟು ಒಳಗೆ ಹೋದಾಗ ಅಮ್ಮನ ಗಲ್ಲಕ್ಕೆ ಬಟ್ಟೆ ಕಟ್ಟುತ್ತಿದ್ದರು. ತುಟಿ ಒಡೆದು ಬಿಳಿಚಿಕೊಂಡಿತ್ತು. ಮಗ್ಗುಲಲ್ಲೇ ಚೊಂಬು, ಚೊಂಬಿನ ತುಂಬ ನೀರು, ಮೇಲೆ ಚಮಚ. ಸರಸ ಮುಟ್ಟಿರಲಿಲ್ಲ. ಅಕ್ಕ ಹೇಳಿದ್ದಾಳೆ ಅಂತ ಮುಟ್ಟಿರಲಿಲ್ಲ.

"ಯಾವಾಗ?" ಅಂದೆ.

"ಎದುರು ಮನೆ ಟೀವೀಲಿ ಐದೂವರೆ ಧಾರಾವಾಹಿ ಶುರುವಾಗೋಕೆ ಸ್ವಲ್ಪ ಮುಂಚೆ. ನೀರು ಕೇಳ್ತಾನೇ ಇದ್ದಳಕ್ಕಾ. ಆಮೇಲೆ ಎರಡು ಸಲ ಗುಟುಕು ನುಂಗಿದ ಹಾಗೆ ಮಾಡಿದಳು. ಬಾಯಲ್ಲಿ ಏನೂ ಇರಲಿಲ್ಲ. ಅಷ್ಟೇ."

ಈಗಲಾದರೂ ಬಿಡೋಣ ಅಂತ ಚಿಕ್ಕಪ್ಪ ಚಾಕುವಿನ ಮೊನೆ ಹಾಕಿ ಬೆಸುಗೆ ಕಿತ್ತ. ಬೆಸುಗೆ ಗಟ್ಟಿಯಾಗಿತ್ತು, ಎಲ್ಲೂ ಬಿರುಕಿರಲಿಲ್ಲ, ನಾಲ್ಕು ಜನರ ಎದುರಿಗೇ ಕಿತ್ತಿದ್ದು. ಅಮ್ಮನ ಬಾಯಿಗೆ ಗಿಂಡಿ ಬಗ್ಗಿಸಿದೆ. ಏನೂ ಬರಲಿಲ್ಲ. ಇನ್ನೂ ಬಗ್ಗಿಸಿದೆ. ತಲೆಕೆಳಗು ಮಾಡಿ ಕೊಡವಿದೆ. ಒಂದು ಹನಿ ಇರಲಿಲ್ಲ.

"ಹತ್ತು ವರ್ಷ ಆಯ್ತಲ್ಲಮ್ಮ, ಯಾವ ಮಾಯದಲ್ಲೋ ಆರಿ ಹೋಗಿರುತ್ತೆ" ಅಂದ ಚಿಕ್ಕಪ್ಪ. ಚೊಂಬಿನ ನೀರಿಗೇ ತುಳಸಿ ಹಾಕಿ ಬಿಟ್ಟೆವು. ಅದು ಬಾಯಿಯ ಅಂಚಿನಿಂದ ಹರಿದು ದಿಂಬಿಗೆ ಇಳಿಯಿತು.

ಮೂರನೆಯ ದಿನ ಹಾಲು ತುಪ್ಪ ಮುಗಿಸಿ ನಮ್ಮನೆಯವರ ಗಾಡಿಯಲ್ಲಿ ಅದೇ ದಾರಿಯಲ್ಲಿ ಬಂದೆವು. ತೋಪಿನಲ್ಲಿ ನಿಲ್ಲಿಸಲು ಹೇಳಿದೆ. ರಸ್ತೆ ಗುಡಿಸಿದ ಹಾಗಿತ್ತು, ಒಂದು ಹೊಟ್ಟಿಲ್ಲ. ಕುರಿ ಮೇಯಿಸುತ್ತಿದ್ದವನೊಬ್ಬ ಸಿಕ್ಕಿದ. ಕೇಳಿದೆ. "ಏನಮ್ಮಾ, ಸಂಕ್ರಾಂತಿಗೇ ಹುರುಳಿ ಮುಗೀತಲ್ಲ. ಅದೂ ಈ ರೋಡಿಗೆ ಯಾರು ಹಾಕ್ತಾರೆ? ತುಳಿಯೋಕೆ ಗಾಡಿ ಎಲ್ಲಿದೆ ಇಲ್ಲಿ?" ಅಂತ ನಕ್ಕ. ಅವನು ಹೇಳಿದ ಮೇಲೇ ನನಗೂ ಹೊಳೆದದ್ದು. ಎಷ್ಟೋ ಸಲ ಓಡಾಡಿದ ರಸ್ತೆ. ಗಾಡಿಯೇ ಬರದ ಕಡೆ ಹುರುಳಿ ಹರಡುವ ದಡ್ಡರು ನಮ್ಮ ಸೀಮೆಯಲ್ಲಿಲ್ಲ. ನಮ್ಮನೆಯವರು, "ಯಾರೋ ಹಳೇದು ಹಾಕಿರ್ತಾರೆ ಬಿಡೇ, ದುಃಖದಲ್ಲಿದ್ದೆ ನೀನು" ಅಂದರು. ಇರಬಹುದು. ಆದರೆ ವಾರ ಬಿಟ್ಟು ಸೈಕಲ್ ಮನೆಗೆ ತರಿಸಿದಾಗ ಚೈನಿನ ಕವರಿನೊಳಗೆ ಒಣ ಬಳ್ಳಿ ಸುತ್ತಿಕೊಂಡೇ ಇತ್ತು. ಕುಡುಗೋಲಿನಿಂದ ಕೊಯ್ದು ತೆಗೆದೆ.

ಸರಸ ನನ್ನನ್ನು ಬೈಯಲಿಲ್ಲ. ಅದನ್ನು ದೇವರ ದಯ ಅಂತ ಎಣಿಸಿಕೊಂಡಿದ್ದೆ. ವರ್ಷದ ತಿಥಿಗೆ ಇಬ್ಬರೂ ಪಾತ್ರೆ ತೊಳೆಯುತ್ತಿದ್ದಾಗ, ನನ್ನ ಮುಖ ನೋಡದೆ, "ಒಂದು ಚಮಚ ಕೊಟ್ಟಿದ್ದರೆ ಆಗ್ತಿತ್ತಲ್ಲಕ್ಕಾ" ಅಂದಳು. ಅಷ್ಟೇ ಅಂದಿದ್ದು. ಮುದುಕಿಯ ಸುದ್ದಿ ಅವಳಿಗೆ ಇವತ್ತಿಗೂ ಹೇಳಿಲ್ಲ. ಹೇಳಿದರೆ ನನ್ನ ತಪ್ಪಿಗೆ ನಾನೇ ಕಥೆ ಕಟ್ಟಿಕೊಂಡ ಹಾಗೆ ಕಾಣುತ್ತದೆ. ನನಗೂ ಕೆಲವು ದಿನ ಹಾಗೇ ಅನ್ನಿಸುತ್ತದೆ.

ಎರಡರಲ್ಲಿ ಒಂದು ನಿಜವಿರಬೇಕು. ನಾನು ಕೊಡಲ್ಲ ಅಂದರೂ ಆ ಗಂಗೆ ಹೇಗೋ ಮುದುಕಿಗೆ ಸಂದಿದೆ, ಅವಳಿಂದ ಅಮ್ಮನಿಗೆ ಎರಡು ಗುಟುಕು ಮುಟ್ಟಿದೆ. ಇಲ್ಲವೇ, ಗಿಂಡಿ ಎಷ್ಟೋ ವರ್ಷದಿಂದ ಒಣಗಿ ಕೂತಿತ್ತು, ಅದಕ್ಕೆ ನಾನು ದಿನಾ ಹೂವಿಟ್ಟು ಕೈ ಮುಗಿಯುತ್ತಿದ್ದೆ, ಆ ಬರೀ ಗಿಂಡಿಗೋಸ್ಕರ ಹೆತ್ತವಳನ್ನು ಬಾಯಾರಿಸಿ ಕಳಿಸಿದೆ. ಮೊದಲನೆಯದನ್ನು ನಂಬಲು ದೇವರ ಮುಂದೆ ಎಷ್ಟೋ ಸಲ ಕೂತಿದ್ದೇನೆ. ಎದ್ದು ಬರುವಾಗ ಎರಡನೆಯದೇ ಜೊತೆಗೆ ಬರುತ್ತದೆ.

ಸೈಕಲ್ಲಿನಲ್ಲಿ ಆ ದಾರಿಗೆ ಈಗಲೂ ಹೋಗುತ್ತೇನೆ. ಹ್ಯಾಂಡಲ್ಲಿನ ಚೀಲದಲ್ಲಿ ಒಂದು ಬಾಟಲು ಬೋರ್‌ವೆಲ್ ನೀರು ಇರುತ್ತದೆ. ತೋಪಿನಲ್ಲಿ ಇಳಿದು ತಳ್ಳಿಕೊಂಡು ನಡೆಯುತ್ತೇನೆ. ನಾಲ್ಕು ವರ್ಷದಲ್ಲಿ ಯಾರೂ ಕೇಳಿಲ್ಲ. ನಡೆಯುತ್ತಾ ಒಂದನ್ನೇ ನೆನಪಿಸಿಕೊಳ್ಳಲು ನೋಡುತ್ತೇನೆ. ಅವತ್ತು ದೇವರ ಮನೆಯಿಂದ ಗಿಂಡಿ ಎತ್ತಿಕೊಂಡು ಚೀಲಕ್ಕೆ ಹಾಕಿದೆನಲ್ಲ, ಆಗ ಅದು ಕೈಗೆ ಭಾರವಾಗಿತ್ತೋ ಹಗುರವಾಗಿತ್ತೋ. ಅಷ್ಟು ನೆನಪಾದರೆ ಸಾಕಿತ್ತು. ಆಗುತ್ತಿಲ್ಲ.